ಮಡಚದ ಮೊಣಕಾಲು, ಬಿಡದ ಗಾದಿ

ಹರಿಹರದ ಬಜಾರಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ನಮ್ಮಪ್ಪನ ಕಾಲದಿಂದಲೂ ಅಲ್ಲಿ ಕುರ್ಚಿಗೆ ಪ್ರವೇಶವಿರಲಿಲ್ಲ. ಒಳಗೆ ಬಂದರೆ ಗೋಡೆಯಿಂದ ಗೋಡೆಗೆ ದಪ್ಪ ಹತ್ತಿಯ ಗಾದಿ, ಅದರ ಮೇಲೆ ಬಿಳಿ ಬಟ್ಟೆ, ಒರಗುವುದಕ್ಕೆ ಲೋಡು. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಗಾದಿಯ ಮೇಲೆ ಕೂರಬೇಕು, ಎದುರಿಗೆ ನಾನು ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಚ್ಚಿ ಹಾಸಬೇಕು. ನಿಂತ ಗಿರಾಕಿ ಜಾಗ ಖಾಲಿ ಮಾಡುತ್ತಾನೆ, ಕೂತ ಗಿರಾಕಿ ಸೀರೆ ಒಯ್ಯುತ್ತಾನೆ. ನಮ್ಮಪ್ಪ ನನಗೆ ಕಲಿಸಿದ ಅರ್ಥಶಾಸ್ತ್ರ ಇಷ್ಟೇ. ಗಾದಿಯ ಬಲಮೂಲೆ ಅವರದಾಗಿತ್ತು, ಅವರು ಹೋದ ಮೇಲೆ ನನ್ನದಾಯಿತು. ಊರವರು ನನ್ನನ್ನು ಸಾವ್ಕಾರ್ರೆ ಎಂದು ಕರೆಯುವುದು ನನ್ನ ಹಣೆಬರಹ ನೋಡಿ ಅಲ್ಲ, ಆ ಮೂಲೆ ನೋಡಿ.

ಅಂಥ ನಾನು ಒಂದು ಮಧ್ಯಾಹ್ನ ಏಣಿಯಿಂದ ಬಿದ್ದೆ. ಗಾದಿಯ ತುಂಬ ಸೀರೆ ಹರಡಿದ್ದರೂ ಒಬ್ಬ ತಾಯಿಗೆ ಅಟ್ಟದ ಗೂಡಿನಲ್ಲಿದ್ದ ಸೀರೆಯೇ ಬೇಕಾಗಿತ್ತು. ಹತ್ತಿದೆ, ಎಳೆದೆ, ಸೀರೆಯ ಜೊತೆ ನಾನೂ ಬಂದೆ. ಗಾದಿಯ ಮೇಲಾದರೂ ಬೀಳಬಾರದೇ? ಹೊಸ್ತಿಲ ಕಲ್ಲಿಗೆ ಎಡಮೊಣಕಾಲು ಕೊಟ್ಟು ಬಿದ್ದೆ. ನಾನು ಅಯ್ಯೋ ಎಂದು ಹೊರಳುತ್ತಿದ್ದರೆ ಆಕೆ, "ಪಾಪ, ಆರೈಕಿ ಮಾಡ್ಕಳ್ರಿ, ನಾವು ಇನ್ನೊಂದ್ ಕಡೆ ನೋಡ್ಕಂಡ್ ಬರ್ತೀವಿ" ಎಂದು ಚಪ್ಪಲಿ ಮೆಟ್ಟಿದರು. ವ್ಯಾಪಾರವೂ ಹೋಯಿತು, ಮೊಣಕಾಲೂ ಹೋಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ನೋಡಿದರೆ ಮಂಡಿಚಿಪ್ಪು ಹೋಳಾಗಿತ್ತು. ಆಪರೇಷನ್ ಮಾಡಿ ಒಳಗೆ ತಂತಿ ಹಾಕಿ ಬಿಗಿದರು. ಮನೆಗೆ ಕಳಿಸುವಾಗ ಡಾಕ್ಟರು, "ಹುಷಾರಾಗಿ ನೋಡ್ಕೊಳ್ಳಿ. ನಾನು ಹೇಳಿದಷ್ಟು ಸ್ವಲ್ಪ ಸ್ವಲ್ಪ ಮಡಚೋದು ಶುರು ಮಾಡಿ, ಫಿಸಿಯೋಥೆರಪಿಗೆ ಹೋಗಿ" ಎಂದರು. ನಮ್ಮ ಮನೆಯವರೆಲ್ಲ ಸಾಲಾಗಿ ನಿಂತು ತಲೆಯಾಡಿಸಿದರು. ಅವರ ಕಿವಿಗೆ ಬಿದ್ದದ್ದು 'ಹುಷಾರಾಗಿ ನೋಡ್ಕೊಳ್ಳಿ' ಎನ್ನುವಷ್ಟು ಮಾತ್ರ. ಉಳಿದದ್ದು ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು.

ನಮ್ಮ ಕಡೆ 'ಆರಾಮ್' ಎಂದು ಒಂದು ಮಾತಿದೆ. ಎದುರಿಗೆ ಸಿಕ್ಕವರಿಗೆ "ಆರಾಮೇನ್ರಿ?" ಎನ್ನುತ್ತೇವೆ, ಆರೋಗ್ಯವಾಗಿದ್ದೀರಾ ಎಂದರ್ಥ. ಕಾಯಿಲೆ ಬಿದ್ದರೆ ಆರಾಮಿಲ್ಲ, ವಾಸಿಯಾದರೆ ಆರಾಮಾಯಿತು. ಕಾಲು ಚಾಚಿ ಸುಮ್ಮನೆ ಬಿದ್ದುಕೊಂಡಿದ್ದರೆ ಅದಕ್ಕೂ ಆರಾಮ್ ಮಾಡುವುದು ಎಂದೇ ಹೆಸರು. ಆರೋಗ್ಯಕ್ಕೂ ಬಿದ್ದುಕೊಂಡಿರುವುದಕ್ಕೂ ಒಂದೇ ಪದ ಇಟ್ಟುಕೊಂಡ ಜನ ನಾವು. ಆರಾಮ್ ಮಾಡದೆ ಆರಾಮ್ ಆಗುವುದು ಹೆಂಗೆ ಎಂದು ಕೇಳಿದರೆ ಇಡೀ ತಾಲ್ಲೂಕಿನಲ್ಲಿ ಉತ್ತರ ಕೊಡುವವರು ಸಿಗಲಿಕ್ಕಿಲ್ಲ.

ಹಾಗಾಗಿ ನನ್ನ ಆರಾಮ್ ಶುರುವಾಯಿತು. ಮಾತಾಡಿಸಲು ಬಂದವರೆಲ್ಲ ಬಾಗಿಲಲ್ಲೇ "ಏಳಬ್ಯಾಡ್ರಿ, ಏಳಬ್ಯಾಡ್ರಿ" ಎಂದು ಕೈಯೆತ್ತಿ ತಡೆಯುತ್ತಿದ್ದರು. ನಾನು ಏಳುವ ಯೋಚನೆಯನ್ನೇ ಮಾಡಿರಲಿಲ್ಲ. ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತಿನ ಪೊಟ್ಟಣ ಮಂಚದ ಪಕ್ಕ ರಾಶಿ ಬಿದ್ದವು. ಒಬ್ಬರು, ತಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು, ಅವಸರಕ್ಕೆ ಮಡಚಿ ಒಳಗಿನ ತಂತಿ ಕಟ್ ಅಂತ ತುಂಡಾಗಿತ್ತು ಎಂದರು. ಆ ಸದ್ದು ತಾವೇ ಕೇಳಿದವರ ಹಾಗೆ ಹೇಳಿದರು. ಆ ದಿನದಿಂದ ನನ್ನ ಹೆಂಡತಿ ಮೊಣಕಾಲಿನ ಕೆಳಗೆ ದಿಂಬಿಟ್ಟು, ಅದಕ್ಕೊಂದು ಮೆತ್ತನೆಯ ಹಳೇ ಸೀರೆ ಸುತ್ತಿ, "ರೀ, ಅಲ್ಲಾಡಿಸಬ್ಯಾಡ್ರಿ" ಎಂದು ಕಾವಲು ಕೂತಳು. ಅವಳ ಚಿಕ್ಕಮ್ಮ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಕರೆದುಕೊಂಡು ಹೋಗಿ ಎಂದರು. ಅಜ್ಜಯ್ಯನ ಮೇಲೆ ನನಗೂ ಭಕ್ತಿ ಇದೆ. ಆದರೆ ಅಲ್ಲಿ ಹೋಗಿ ಅಡ್ಡಬೀಳುವುದಕ್ಕೂ ಮೊಣಕಾಲು ಮಡಚಬೇಕಲ್ಲ ತಾಯಿ ಎಂದೆ.

ಎಲ್ಲರಿಗಿಂತ ಹೆಚ್ಚು ಪ್ರೀತಿ ಸುರಿದವನು ನನ್ನ ತಮ್ಮ. ಅಂಗಡಿಯಲ್ಲಿ ನನ್ನ ಜೊತೆಗೇ ದುಡಿದವನು, ನನಗಿಂತ ಬಹಳ ಚಿಕ್ಕವನು, ನನ್ನ ಹೆಗಲ ಮೇಲೇ ಬೆಳೆದವನು. ದಿನಾ ಸಂಜೆ ಬಂದು ಪಾದದ ಹತ್ತಿರ ಕೂತು, "ಅಣ್ಣಾ, ನೀ ಅಂಗಡಿ ಚಿಂತಿ ಬಿಡು. ಎಷ್ಟ್ ದಿನ ಬೇಕೋ ಅಷ್ಟ್ ದಿನ ಆರಾಮ್ ಮಾಡು, ನಾ ನೋಡ್ಕಂತೀನಿ" ಎನ್ನುತ್ತಿದ್ದ. ಆ ಪ್ರೀತಿಯಲ್ಲಿ ಒಂದಿಷ್ಟು ಕಪಟ ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಜಗಳವಾಡಬಹುದಿತ್ತು. ಅದು ಅಪ್ಪಟ ಪ್ರೀತಿಯೇ ಆಗಿತ್ತು.

ಕಣ್ಣು ತೆರೆಸಿದವರು ಪಕ್ಕದಂಗಡಿಯ ದರ್ಜಿ. ನಾವು ಮಾರಿದ ಸೀರೆಗೆಲ್ಲ ಅವರದೇ ರವಿಕೆ, ಅವರದೇ ಫಾಲ್ಸು. ನನ್ನ ವಾರಿಗೆಯವರು, ಹೇಳುವುದನ್ನು ಮುಚ್ಚಿಡುವವರಲ್ಲ. ಬಂದವರು ನನ್ನ ಕಾಲು ನೋಡಿದರು, ದಿಂಬು ನೋಡಿದರು, ಬ್ರೆಡ್ಡಿನ ರಾಶಿ ನೋಡಿದರು.

"ಸಾವ್ಕಾರ್ರೆ, ಎಷ್ಟ್ ಮಡಚತೈತೆ?" ಎಂದರು.

"ಎಲ್ಲಿ ಮಡಚೋದ್ರಿ, ಆರಾಮ್ ಮಾಡಾಕತ್ತೀನಿ" ಎಂದೆ.

"ಮಾಡ್ರಿ ಮಾಡ್ರಿ. ನಿಮ್ ಮೂಲಿಗೆ ನಿಮ್ ತಮ್ಮ ಕುಂತಾನೆ. ಮಂದಿ ಅವನಿಗೇ ಸಾವ್ಕಾರ್ರೆ ಅನ್ನಾಕ ಶುರು ಮಾಡ್ಯಾರೆ. ನಮ್ ಚಾಚಾನೂ ಹಿಂಗೇ ಕಾಲ್ ನೋವು ಅಂತ ನಾಕ್ ದಿನದ ಮಟ್ಟಿಗೆ ನಮಾಜಿಗೆ ಕುರ್ಚಿ ಹಿಡುದ್ರು. ಖುದಾ ಕಸಂ, ಮತ್ತ ಚಾಪಿಗೆ ಇಳೀಲೇ ಇಲ್ಲ."

ಅವರು ಹೋದ ಮೇಲೆ ದಿಂಬು ಎಳೆದು ಎಸೆದೆ. ಮಂಚದ ಅಂಚಿಗೆ ಬಂದು ಮೊಣಕಾಲು ಮಡಚಲು ನೋಡಿದೆ. ಮಡಚಲಿಲ್ಲ. ತುಕ್ಕು ಹಿಡಿದ ಗೇಟಿನ ಹಾಗೆ ಒಂದು ಚೂರು ಬಂದು ನಿಂತುಬಿಟ್ಟಿತು. ಆಗ ಎದೆ ಧಸಕ್ ಎಂದಿತು ನೋಡಿ, ಬಿದ್ದಾಗಲೂ ಹಾಗೆ ಎಂದಿರಲಿಲ್ಲ. ಗಾದಿಯ ಮೇಲೆ ಕೂರಲಾರದ ಸೀರೆ ಸಾವ್ಕಾರ ಎಂದರೆ ಏನು? ಗಿರಾಕಿಗಳ ನಡುವೆ ಒಂದು ಕುರ್ಚಿ ಹಾಕಿಸಿಕೊಂಡು, ಕಾಲು ಮುಂದೆ ಚಾಚಿ, ಬಂದವರಿಗೆಲ್ಲ ಮೊಣಕಾಲಿನ ಕತೆ ಹೇಳುವ ಮುದುಕ. ಕೂತರೆ ಗಾದಿಯ ಮೇಲೇ ಕೂರುತ್ತೇನೆ, ಅಲ್ಲಿಯವರೆಗೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೆಂಡತಿಯ ಮುಂದೆ ಹಠ ತೊಟ್ಟೆ. ಹಠ ಎಂದರೆ ನನಗೆ ಹೇಳಿಕೊಡಬೇಕಾಗಿಲ್ಲ.

ದಾವಣಗೆರೆಯ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಕೀಲು ಮಾತ್ರ ಬಿಗಿದುಕೊಂಡಿದೆ ಎಂದರು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ಆರಾಮ್ ಎಂದು ಹೇಳಲು ನಾಚಿಕೆಯಾಯಿತು. "ತಡ ಮಾಡಿದಷ್ಟೂ ಕಷ್ಟ. ಈಗಲೇ ಹೋಗಿ. ಕುರ್ಚಿ ಮೇಲೆ ಕೂರೋಕೆ ಸಾಕಾಗುವಷ್ಟಂತೂ ಖಂಡಿತ ಮಡಚುತ್ತೆ, ಅದಕ್ಕಿಂತ ಹೆಚ್ಚು ನಾನು ಮಾತು ಕೊಡಲ್ಲ" ಎಂದರು. ಸಮಾಧಾನ ಹೇಳಲೆಂದೇ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು.

ಫಿಸಿಯೋಥೆರಪಿ ಕ್ಲಿನಿಕ್ ಇದ್ದದ್ದು ದಾವಣಗೆರೆಯಲ್ಲೇ, ಪಿ.ಬಿ. ರಸ್ತೆಯ ಪಕ್ಕದ ಓಣಿಯಲ್ಲಿ, ಒಂದು ದೋಸೆ ಹೋಟೆಲಿನ ಮೇಲಿನ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತಿ ಬರುವ ತಾಕತ್ತಿದ್ದವನಿಗೆ ಇಲ್ಲೇನು ಕೆಲಸ, ತಾಕತ್ತಿಲ್ಲದವನು ಇಲ್ಲಿಗೆ ಬರುವುದು ಹೇಗೆ? ಕಟ್ಟಿದವನನ್ನು ಬೈಯುತ್ತ, ಕಟಕಟೆ ಹಿಡಿದು, ಕುಂಟುತ್ತ ಹತ್ತಿದೆ. ಕೆಳಗಿನಿಂದ ಕಾವಲಿಯ ಮೇಲೆ ಬೆಣ್ಣೆ ಸುರಿದ ವಾಸನೆ ಹತ್ತುತ್ತ ಬರುತ್ತಿತ್ತು. ನೋವಿನವರನ್ನು ಹೊಟ್ಟೆ ಉರಿಸಿ ಕೊಲ್ಲುವ ವ್ಯವಸ್ಥೆ ಇದು ಎಂದುಕೊಂಡೆ.

ಫಿಸಿಯೋಥೆರಪಿ ಎಂದರೆ ನಮ್ಮ ಬಜಾರಿನಲ್ಲಿ ಗೊತ್ತಿರುವುದು ಒಂದೇ: ಕರೆಂಟ್ ಇಡುವುದು. ನೋವಿದ್ದಲ್ಲಿ ಪಟ್ಟಿ ಅಂಟಿಸುತ್ತಾರೆ, ಮಿಷನ್ನಿನ ಗುಂಡಿ ತಿರುವುತ್ತಾರೆ, ಜುಮುಜುಮು ಎನ್ನುತ್ತದೆ, ನಾವು ಮಲಗಿ ನಿದ್ದೆ ಮಾಡುತ್ತೇವೆ, ನೋವು ಕರೆಂಟಿಗೆ ಹೆದರಿ ಓಡಿಹೋಗುತ್ತದೆ. ಹೀಗೆಂದು ತಿಳಿದೇ ಹೋಗಿದ್ದೆ. ಅಲ್ಲಿದ್ದ ಡಾಕ್ಟ್ರಮ್ಮ ನನ್ನ ಮಗಳ ವಯಸ್ಸಿನವಳು. ಮಿಷನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಪ್ರಶ್ನೆ ಕೇಳಲು ಶುರುಮಾಡಿದಳು. ಹೆಂಗೆ ಬಿದ್ರಿ, ಯಾವಾಗ ನೋವು ಜಾಸ್ತಿ, ಮನೆಯಲ್ಲಿ ಮೆಟ್ಟಿಲು ಇದೆಯಾ, ಸಕ್ಕರೆ ಕಾಯಿಲೆ ಇದೆಯಾ. ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ.

"ಅಂಕಲ್, ನಿಮಗೆ ಈಗ ಏನಾಗ್ಬೇಕು?" ಎಂದಳು ಕೊನೆಗೆ.

"ನೋವು ಹೋಗ್ಬೇಕು."

"ಅದು ಎಲ್ರೂ ಹೇಳ್ತಾರೆ. ಈ ಕಾಲಿಂದ ಏನ್ ಮಾಡಂಗಾಗ್ಬೇಕು?"

ಇಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಗಾದಿ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕೂರ್ಬೇಕಮ್ಮ. ಅಂಗಡಿ ಗಾದಿ" ಎಂದೆ. ಅವಳು ನಗಲಿಲ್ಲ. ಪ್ಲಾಸ್ಟಿಕ್ಕಿನ ಕೋನಮಾಪಕದಂಥದ್ದನ್ನು ಮೊಣಕಾಲಿಗೆ ಹಿಡಿದು ಅಳೆದಳು. "ದೂರ ಐತೆ ಅಂಕಲ್. ಆಗಲ್ಲ ಅಂತ ಹೇಳಲ್ಲ, ಆಗೇ ಆಗುತ್ತೆ ಅಂತಾನೂ ಹೇಳಲ್ಲ. ಮೊದಲು ಮೆಟ್ಟಿಲು ಸರಿಯಾಗಿ ಹತ್ತೋದು, ಆಮೇಲೆ ಕುಳ್ಳ ಸ್ಟೂಲು, ಆಮೇಲೆ ನೆಲ. ಇಲ್ಲಿ ನಾನು ಮಾಡ್ಸೋದು ಸ್ವಲ್ಪ, ಮನೇಲಿ ನೀವು ಮಾಡೋದೇ ಜಾಸ್ತಿ" ಎಂದಳು.

ಬಿಸಿ ಶಾಖ ಕೊಟ್ಟು, ಮಂಡಿಚಿಪ್ಪನ್ನು ಬೆರಳಲ್ಲಿ ಹಿಡಿದು ಆಚೆ ಈಚೆ ಮೆಲ್ಲಗೆ ಸರಿಸಿದಳು. ಆಮೇಲೆ ಹಿಮ್ಮಡಿಯನ್ನು ಮಂಚದ ಮೇಲೆ ಜಾರಿಸುತ್ತ ಕುಂಡಿಯ ಕಡೆಗೆ ಎಳೆದುಕೊಳ್ಳಿ ಎಂದಳು. ನಾನು ಸುಮ್ಮನೆ ಮಲಗಿದ್ದೆ. ಅವಳೂ ಸುಮ್ಮನೆ ನಿಂತಿದ್ದಳು.

"ಎಳೀರಿ ಅಂಕಲ್."

"ನೀವೇ ಎಳೀರಮ್ಮ. ಫಿಸಿಯೋಥೆರಪಿ ಮಾಡಿಸ್ಕಳಾಕೆ ಬಂದೀನಿ ನಾನು."

"ಮಾಡಿಸ್ಕೊಳ್ಳೋದಲ್ಲ ಅಂಕಲ್ ಇದು, ಮಾಡೋದು" ಎಂದಳು.

ಆ ಮಾತು ಕೇಳಿ ಸಿಟ್ಟು ಬಂತು, ಆಮೇಲೆ ನಗು ಬಂತು. ಖರೇ ಹೇಳಬೇಕೆಂದರೆ ನಮ್ಮದು ಮಾಡಿಸಿಕೊಳ್ಳುವ ಬದುಕು. ಕಟಿಂಗ್ ಮಾಡಿಸುತ್ತೇವೆ, ಬಟ್ಟೆ ಹೊಲಿಸುತ್ತೇವೆ, ಪೂಜೆ ಮಾಡಿಸುತ್ತೇವೆ. ದುಡ್ಡು ಕೊಟ್ಟು ಕಣ್ಣು ಮುಚ್ಚಿ ಕೂತರೆ ಪುಣ್ಯವೂ ಬಂದು ಸೇರುತ್ತದೆ. ಆರೋಗ್ಯವನ್ನೂ ಹಾಗೇ ಮಾಡಿಸಿಕೊಳ್ಳಬಹುದು ಎಂದುಕೊಂಡಿದ್ದೆವು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಗಾದೆ ಮಾಡಿದವರಿಗೂ ಯಾವಾಗಲೋ ಮೊಣಕಾಲು ಮುರಿದಿರಬೇಕು.

ಈ ರೋಗ ನನಗೊಬ್ಬನಿಗೇ ಇರಲಿಲ್ಲ ಎನ್ನುವುದು ಒಂದು ಸಮಾಧಾನ. ಪಕ್ಕದ ಮಂಚದಲ್ಲಿ ಸೊಂಟನೋವಿನ ಒಬ್ಬ ರಿಟೈರ್ಡ್ ಸಾಹೇಬರು. ಆಫೀಸಿನಲ್ಲಿ ಜನ್ಮವೆಲ್ಲ ಕಾಗದ ಮುಂದಕ್ಕೆ ತಳ್ಳಿ ಅಭ್ಯಾಸ. ಡಾಕ್ಟ್ರಮ್ಮ "ಮನೇಲಿ ಎಕ್ಸರ್ಸೈಜ್ ಮಾಡಿದ್ರಾ ಸರ್?" ಎಂದರೆ, "ಮನೆಯವರಿಗೆ ಹೇಳೀನಿ" ಎನ್ನುವರು. ಅವರ ಹೆಂಡತಿ ಅದನ್ನೆಲ್ಲ ಮಾಡಿ ಮಾಡಿ ಸಪೂರವಾಗಿದ್ದಾರೆ ಎಂದು ನಮ್ಮ ಗುಮಾನಿ. ಇನ್ನೊಬ್ಬರು ಗುತ್ತೂರಿನ ಕಡೆ ಕಾರ್ಖಾನೆಯಲ್ಲಿ ದುಡಿಯುವವರು, ಭುಜ ಹಿಡಿದುಕೊಂಡಿತ್ತು. "ದಿನಾ ಎತ್ತಾದೇ ಎತ್ತೀನ್ರೀ ಮೇಡಂ, ಇಲ್ಲಿಗ್ ಬಂದ್ರೂ ಎತ್ತು ಅಂತೀರಲ್ಲ" ಎಂದು ಗೋಳಾಡುವರು. ಒಂದೇ ಕಡೆ ಭಾರ ಎತ್ತುವುದು ದುಡಿಮೆ, ಬಿಗಿದ ಕೀಲನ್ನು ಎಲ್ಲ ಕಡೆಗೂ ಬಿಡಿಸುವುದು ವ್ಯಾಯಾಮ, ಎರಡೂ ಬೇರೆ ಎಂದು ಡಾಕ್ಟ್ರಮ್ಮ ದಿನಾ ಹೊಸದಾಗಿ ವಿವರಿಸುವಳು. ಮೂರನೆಯವರು ಒಬ್ಬ ಯಜಮಾನಿ. ಅವರಿಗೆ ಕರೆಂಟ್ ಬಿಟ್ಟು ಬೇರೇನೂ ಬೇಡ. "ಹ್ವಾದ ಸಲ ಹೋಗಿದ್ ಕಡೆ ಕರೆಂಟ್ ಭಾಳ ಸ್ಟ್ರಾಂಗ್ ಇತ್ತು, ನಿಮ್ದು ಸಪ್ಪೆ" ಎಂದು ಸಾಂಬಾರಿಗೆ ಹೆಸರಿಡುವವರ ಹಾಗೆ ಹೇಳುವರು. ಡಾಕ್ಟ್ರಮ್ಮ ಕರೆಂಟನ್ನೂ ಇಡುತ್ತಿದ್ದಳು, ಇಲ್ಲವೆಂದಲ್ಲ. "ಇದು ನೋವು ಸ್ವಲ್ಪ ತಗ್ಗಿಸುತ್ತೆ ಆಂಟಿ, ಅಷ್ಟರೊಳಗೆ ನೀವು ಎಕ್ಸರ್ಸೈಜ್ ಮಾಡ್ಕೋಬೇಕು" ಎನ್ನುವಳು. ಆ ಹೊತ್ತಿಗೆ ಯಜಮಾನಿ ಗೊರಕೆ ಹೊಡೆಯುತ್ತಿರುವರು.

ನನ್ನ ಅವಸ್ಥೆ ಕೇಳಬೇಡಿ. ಹಿಮ್ಮಡಿ ಎಳೆದರೆ ಮೊಣಕಾಲಿನೊಳಗೆ ಹಗ್ಗ ಹರಿದ ಹಾಗಾಗುತ್ತಿತ್ತು. ಬೆವರು ಕಿತ್ತು ಬರುತ್ತಿತ್ತು. ಡಾಕ್ಟ್ರಮ್ಮನನ್ನು ಮನಸ್ಸಿನಲ್ಲೇ ಬೈದೆ, ಒಂದೆರಡು ಸಲ ಬಾಯಿಬಿಟ್ಟೂ ಬೈದೆ. "ಬೈರಿ ಅಂಕಲ್, ಬೈತಾ ಬೈತಾ ಮಡಚ್ರಿ, ಉಸಿರು ಮಾತ್ರ ಹಿಡೀಬ್ಯಾಡ್ರಿ" ಎಂದಳು. ಇಂಥವರ ಮುಂದೆ ಸಿಟ್ಟು ಏನು ಮಾಡೀತು?

ಮನೆಯಲ್ಲಿ ಬೇರೆಯೇ ಯುದ್ಧ. ತಮ್ಮ ಹೊಸದಾಗಿ ಮಾಡಿಸಿ ಕಳಿಸಿದ ಹಾಸಿಗೆಯ ಮೇಲೆ ನಾನು ಒಂದು ಸಲ "ಅಯ್ಯಪ್ಪಾ" ಎಂದರೆ ಹೆಂಡತಿ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ಕಾಲು ಹಿಡಿದುಕೊಳ್ಳುವಳು. "ಆ ಹುಡುಗಿ ನಿಮ್ ಕಾಲ್ ಇನ್ನೊಂದ್ ಸಲ ಮುರೀತಾಳೆ, ಬಿಡ್ರಿ ಸಾಕು" ಎಂದು ಕಣ್ಣೀರು ಹಾಕುವಳು. ಪ್ರೀತಿಯವರ ಕೈಯಿಂದ ತಪ್ಪಿಸಿಕೊಂಡು ವ್ಯಾಯಾಮ ಮಾಡುವುದಕ್ಕಿಂತ ಕದ್ದು ಬೀಡಿ ಸೇದುವುದು ಸುಲಭ. ಕೊನೆಗೆ ಅವಳನ್ನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

"ನೋವಾಗಲ್ವೇನವ್ವ ಇವ್ರಿಗೆ?" ಎಂದು ಜಗಳಕ್ಕೆ ನಿಂತವಳ ಹಾಗೆ ಕೇಳಿದಳು.

"ಆಗುತ್ತೆ ಆಂಟಿ, ಸುಳ್ಳು ಹೇಳಲ್ಲ. ಮಾಡುವಾಗ ಎಳೆದಂಗಾಗಿ ಆಮೇಲೆ ಇಳಿದ್ರೆ ಅದು ಸರಿ. ಮಾರನೇ ದಿನಾನೂ ಊದಿಕೊಂಡು ಬಿಸಿಯಾಗಿದ್ರೆ ನನಗೆ ಹೇಳಿ, ಕಡಿಮೆ ಮಾಡೋಣ. ಆದ್ರೆ ಈಗ ಬಿಟ್ರೆ, ಆ ನೋವು ಹೋಗುತ್ತೆ, ಕಾಲು ಹಿಂಗೇ ಉಳಿಯುತ್ತೆ. ಆಯ್ಕೆ ನಿಮ್ದು."

ಹರಿಹರದಲ್ಲಿ ಬಸ್ಸಿಳಿದ ಹೆಂಡತಿ ಮನೆಗೆ ಬಂದು ಕೈಕಾಲು ತೊಳೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ, "ರೀ, ಮಲಗ್ರಿ. ಮಡಚ್ರಿ" ಎಂದಳು. ಅಲ್ಲಿಂದ ಮುಂದೆ ಡಾಕ್ಟ್ರಮ್ಮನೇ ವಾಸಿ ಎನಿಸಿತು. ಕ್ಲಿನಿಕ್ಕಿನಲ್ಲಾದರೂ ಬೇರೆ ಪೇಷಂಟ್ ಬಂದಾಗ ನನಗೆ ಬಿಡುವು ಸಿಗುತ್ತಿತ್ತು, ಮನೆಯಲ್ಲಿ ಇದ್ದ ಪೇಷಂಟ್ ನಾನೊಬ್ಬನೇ. ಅವಳು ಬೇಳೆ ಆರಿಸುತ್ತ ಎದುರಿಗೆ ಕೂತು, ತಲೆ ಎತ್ತದೆ, "ಅದು ಅರ್ಧ ಆತು, ಪೂರ್ತಿ ಎಳೀರಿ" ಎನ್ನುವಳು. ಮಾತಾಡಿಸಲು ಬಂದವರು ಯಾರಾದರೂ ಆರಾಮ್ ಮಾಡ್ರಿ ಎಂದರೆ ಅವರಿಗೆ ಚಹಾ ಸಿಗುತ್ತಿರಲಿಲ್ಲ.

ಆದರೆ ಈ ಮೊಣಕಾಲು ಒಂದು ದಿನ ಬಂದ ಹಾಗೆ ಇನ್ನೊಂದು ದಿನ ಬರುವುದಿಲ್ಲ. ನಿನ್ನೆ ಸಂಜೆ ಚೆನ್ನಾಗಿ ಮಡಚಿದ್ದು ಬೆಳಿಗ್ಗೆ ಎದ್ದರೆ ಮತ್ತೆ ಬಿಗಿ. ಹೀಗಾದರೆ ಇದು ಮುಗಿಯುವುದು ಯಾವಾಗ ಎಂದು ಒಂದು ದಿನ ಕ್ಲಿನಿಕ್ಕಿನಲ್ಲಿ ಕೂಗಾಡಿದೆ. "ದಿನಾ ಬಂದಷ್ಟರಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೆ ಅಂಕಲ್, ಪೂರ್ತಿ ಹೋಗಲ್ಲ. ಉಳಿದಿದ್ದೇ ನಿಮ್ ಲಾಭ" ಎಂದಳು. ವ್ಯಾಪಾರಿಗೆ ಅರ್ಥವಾಗುವ ಮಾತು. ಬಾಯಿ ಮುಚ್ಚಿಕೊಂಡು ಸೈಕಲ್ಲಿನ ಮೇಲೆ ಕೂತೆ. ಅದು ನಿಂತಲ್ಲೇ ನಿಲ್ಲುವ ಸೈಕಲ್ಲು. ಎಷ್ಟು ತುಳಿದರೂ ಕೊಂಡಜ್ಜಿ ಕೆರೆಯೂ ಬರುವುದಿಲ್ಲ, ಹರಿಹರವೂ ಬರುವುದಿಲ್ಲ.

ಸ್ಟೂಲು ಕುಳ್ಳಗಾಗುತ್ತ ಹೋಯಿತು. ಆಮೇಲೆ ಒಂದು ಮಣೆ. "ಕೂರೋದು ಅರ್ಧ, ಏಳೋದು ಇನ್ನರ್ಧ" ಎಂದು ಡಾಕ್ಟ್ರಮ್ಮ ಏಳುವುದನ್ನೂ ಕಲಿಸಿದಳು. ಒಳ್ಳೆಯ ಕಾಲಿನ ಮೇಲೆ ಭಾರ ಹಾಕು, ಕೈ ಇಲ್ಲಿಡು, ಮುಂದಕ್ಕೆ ಬಾಗು. ಹುಟ್ಟಿದ ಮೇಲೆ ಯಾರೂ ಹೇಳಿಕೊಡದೆ ಕಲಿತದ್ದನ್ನು ಈ ವಯಸ್ಸಿನಲ್ಲಿ ಫೀಜು ಕೊಟ್ಟು ಕಲಿತೆ. ಮತ್ತೊಂದು ಸಲ ಡಾಕ್ಟರಿಗೂ ತೋರಿಸಿದಳು. ಅವರು ನೆಲಕ್ಕೆ ಕೂರಲಿ, ತೊಂದರೆಯಿಲ್ಲ ಎಂದರು.

ಒಂದು ಬೆಳಿಗ್ಗೆ ಕ್ಲಿನಿಕ್ಕಿನ ನೆಲದ ಮೇಲೆ ಚಾಪೆ ಹಾಸಿ "ಕೂಡ್ರಿ ಅಂಕಲ್" ಎಂದಳು. ಇಳಿದೆ. ಬಲಗಾಲು ಮಡಚಿದೆ. ಎಡಗಾಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಎಳೆದುಕೊಂಡೆ. ಎಳೆಯಿತು, ನಡುಗಿತು, ಬಂತು. ಮೊಣಕಾಲು ಇನ್ನೂ ಸ್ವಲ್ಪ ಮೇಲಕ್ಕೇ ನಿಂತಿತ್ತು, ಆದರೆ ಕೂತಿದ್ದೆ. ಚಕ್ಕಳಮಕ್ಕಳ ಹಾಕಿಯೇ ಕೂತಿದ್ದೆ. ಗುತ್ತೂರಿನವರು ಹಿಡಿದುಕೊಂಡಿದ್ದ ಭುಜವನ್ನೂ ಮರೆತು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದರು. ನನಗೆ ಅಳು ತಡೆಯಲಾಗಲಿಲ್ಲ. ನಮ್ಮಪ್ಪ ಹೋದಾಗಲೂ ಜನರೆದುರಿಗೆ ಅತ್ತವನಲ್ಲ ನಾನು. ಡಾಕ್ಟ್ರಮ್ಮ ಬೇರೆ ಕಡೆ ನೋಡುತ್ತ ಟವಲ್ ಮಡಚಿದಳು. ಆ ದಿನ ಇಳಿದು ಹೋಗಿ, ಜೊತೆಗೆ ಬಂದಿದ್ದ ಹೆಂಡತಿಯೊಂದಿಗೆ ಕೂತು, ಇಷ್ಟು ದಿನ ಮೂಗಿಗೆ ಮಾತ್ರ ಬರುತ್ತಿದ್ದ ಬೆಣ್ಣೆ ದೋಸೆ ಹೊಟ್ಟೆ ತುಂಬ ತಿಂದೆ.

ತಮ್ಮನಿಗೆ ಹೇಳಲಿಲ್ಲ. ನೇರವಾಗಿ ಹೋಗಿ ಮೂಲೆಯಲ್ಲಿ ಕೂತು ಅವನ ಮುಖ ನೋಡಬೇಕೆಂದು ಆಸೆ. ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಪಕ್ಕದ ದರ್ಜಿ ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಕಂಡು, ಸಲಾಂ ಕೂಡ ಹೇಳದೆ ತಲೆ ತಗ್ಗಿಸಿದರು. ಯಾಕೆಂದು ಅಂಗಡಿಯ ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು.

ಗಾದಿ ಇರಲಿಲ್ಲ. ಗೋಡೆಯಿಂದ ಗೋಡೆಗೆ ಫಳಫಳ ಹೊಳೆಯುವ ಟೈಲ್ಸು. ಉದ್ದಕ್ಕೆ ಎದೆಯೆತ್ತರದ ಮರದ ಕೌಂಟರು, ಮೇಲೆ ಗಾಜು. ಈಚೆ ಗಿರಾಕಿಗಳಿಗೆ ಸಾಲಾಗಿ ಸ್ಟೀಲಿನ ಎತ್ತರದ ಸ್ಟೂಲು. ಆಚೆ, ನನ್ನ ಬಲಮೂಲೆಯಲ್ಲಿ, ಗಾಲಿ ಇರುವ ಒಂದು ದೊಡ್ಡ ಕುರ್ಚಿ. ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ.

ತಮ್ಮ ಓಡಿಬಂದು ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಅಣ್ಣಾ, ಹಬ್ಬದ ದಿನ ಕರ್ಕಂಡ್ ಬಂದು ತೋರಿಸ್ಬೇಕು ಅಂತಿದ್ದೆ. ದರ್ಜಿಯವ್ರಿಗೂ ಬಾಯಿ ಬಿಡಬ್ಯಾಡ್ರಿ ಅಂದಿದ್ದೆ. ನೀ ಇನ್ಮ್ಯಾಲೆ ಕೆಳಗ ಕುಂತು ಒದ್ದಾಡಬಾರ್ದು ನೋಡು, ಅದಕ್ಕೇ. ಎಲ್ಲಾ ನಿನ್ ಸಲುವಾಗೇ ಮಾಡ್ಸಿದ್ದು."

"ಗಾದಿ ಎಲ್ಲೋ?" ಎಂದೆ.

"ಅಪ್ಪನ ಕಾಲದ ಹತ್ತಿ, ಭಾಳ ಚಲೋ ಐತೆ ಅಂದ್ರು. ಹಿಂಜಿಸಿ ನಿನ್ ಮಂಚಕ್ಕೆ ಮೆತ್ತಗೆ ಹಾಸಿಗೆ ಮಾಡಿಸ್ದೆ. ಹ್ವಾದ ತಿಂಗಳು ಕಳಿಸಿದ್ನಲ್ಲ, ಅದೇ."

ಬೆಳಿಗ್ಗೆ ಸಂಜೆ ಹಲ್ಲು ಕಚ್ಚಿ ಹಿಮ್ಮಡಿ ಎಳೆದದ್ದು ಅದರ ಮೇಲೆಯೇ. ಬೈಯಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ. ನನ್ನನ್ನು ಮೆತ್ತಗೆ ಮಲಗಿಸಲು ಗಾದಿಯನ್ನೇ ಬಿಚ್ಚಿದವನಿಗೆ ಏನೆಂದು ಬೈಯುವುದು?

ಕೌಂಟರಿನ ಆಚೆ ಹೋದೆ. ಕುರ್ಚಿಯನ್ನು ಪಕ್ಕಕ್ಕೆ ತಳ್ಳಿದೆ. ಆ ಮೂಲೆಯ ಬರೀ ಟೈಲ್ಸಿನ ಮೇಲೆ ಒಂದು ಕೈಯೂರಿ ಇಳಿದು, ಬಲಗಾಲು ಮಡಚಿ, ಎಡಗಾಲನ್ನು ಒಳಗೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ನೆಲ ತಣ್ಣಗೆ ಕೊರೆಯುತ್ತಿತ್ತು. ತಮ್ಮ, "ಅಣ್ಣಾ, ಬ್ಯಾಡಣ್ಣ, ಏಳಣ್ಣ, ಮಂದಿ ನೋಡ್ತಾರೆ" ಎಂದು ಬೇಡಿಕೊಂಡ.

"ನೋಡ್ಲಿ ಬಿಡು. ಅದಕ್ಕೇ ಕುಂತೀನಿ" ಎಂದೆ.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದರು. ಹಳೆಯ ಪರಿಚಯದ ಹೆಂಗಸು, ಮಕ್ಕಳ ಮದುವೆ ಸೀರೆಗೆಲ್ಲ ನಮ್ಮಲ್ಲಿಗೇ ಬಂದವರು. ಕೌಂಟರಿನ ಆಚೆಯಿಂದ ಅವರ ಧ್ವನಿ ಮಾತ್ರ ನನಗೆ ಕೇಳುತ್ತಿತ್ತು.

"ಏನ್ ಚಂದ ಮಾಡ್ಸೀರಿ ಸಾವ್ಕಾರ್ರೆ ಅಂಗಡಿ!" ಎಂದು ತಮ್ಮನಿಗೆ ಹೇಳಿದರು. "ನಿಮ್ಮಣ್ಣಾರು ಹೆಂಗಿದಾರ್ರಿ? ಪಾಪ, ಇನ್ನಾ ಹಾಸಿಗೀನೇನು?"

ನಾನೇ ಕೆಳಗಿನಿಂದ, "ಇಲ್ಲೇ ಇದೀನ್ರಿ" ಎಂದೆ.

ಆಕೆ ಬೆಚ್ಚಿದರು. ಗಾಜಿನ ಮೇಲೆ ಬಾಗಿ, ಕನ್ನಡಕ ಹಿಡಿದುಕೊಂಡು ಕೆಳಗೆ ಇಣುಕಿದರು.

"ಅಯ್ಯೋ ಶಿವನೇ! ಮತ್ತ ಬಿದ್ರೇನ್ರಿ? ಎತ್ರಿ ಅವ್ರನ್ನ, ಎತ್ರಿ!"

"ಬಿದ್ದಿಲ್ರಿ ತಾಯಿ" ಎಂದೆ. "ಕುಂತೀನಿ."

ತಮ್ಮ ಎತ್ತಲು ಬಗ್ಗಿದ. ಅವನ ಕೈ ಸರಿಸಿ, ಡಾಕ್ಟ್ರಮ್ಮ ಕಲಿಸಿದ ಹಾಗೆ ಭಾರ ಹಾಕಿ, ಮುಂದಕ್ಕೆ ಬಾಗಿ, ಯಾರನ್ನೂ ಹಿಡಿಯದೆ ಎದ್ದೆ. ಗಿರಾಕಿ ಕಾಯುತ್ತಿದ್ದರು. ಕುರ್ಚಿಯ ಪ್ಲಾಸ್ಟಿಕ್ ಹರಿದು, ಕೂತು, ಯಾವ ಬಣ್ಣದ್ದು ತೆಗೀಲ್ರಿ ಎಂದು ಕೇಳಿದೆ. ಮೊಣಕಾಲು ಚೆನ್ನಾಗಿ ಮಡಚಿತು. ಕುರ್ಚಿಗೆ ಅಷ್ಟೊಂದು ಮಡಚುವ ಅಗತ್ಯ ಇರಲಿಲ್ಲ.